ಡಿ.ಎ.ಪಿ. ಸಿಗದಿದ್ದರೆ ಏನು ಮಾಡಬೇಕು?

ಮುಂಗಾರು ಹಂಗಾಮು ಬಂತೆಂದರೆ ಸಹಕಾರ ಸಂಘಗಳ ಗೋದಾಮುಗಳ ಮುಂದೆ ಬೆಳಗಿನಿಂದಲೇ ರೈತರ ಸಾಲು ಕಾಣುತ್ತದೆ. ಭೂಮಿ ಹದಕ್ಕೆ ಬಂದಿರುತ್ತದೆ, ಸಸಿಮಡಿಯಲ್ಲಿ ರಾಗಿಯ ಪೈರು ಬೆಳೆದು ನಿಂತಿರುತ್ತದೆ, ಆಳುಗಳಿಗೆ ಹೇಳಿಯೂ ಆಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ‘ಡಿ.ಎ.ಪಿ. ಮುಗಿಯಿತು, ಮುಂದಿನ ಲೋಡು ಯಾವಾಗ ಬರುತ್ತದೋ ತಿಳಿಯದು’ ಎಂಬ ಮಾತು ಕೇಳಿ ಹಲವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಕೆಲವರು ಇನ್ನೊಂದು ವಾರ ಕಾಯುತ್ತಾರೆ. ಕೆಲವರು ಹೆಚ್ಚು ಬೆಲೆ ಕೊಟ್ಟು, ಬೇಡದ ಪದಾರ್ಥವನ್ನೂ ಜೊತೆಗೆ ಕೊಂಡು ತರುತ್ತಾರೆ. ಇನ್ನು ಕೆಲವರು ಮೂಲಗೊಬ್ಬರವನ್ನೇ ಕೈಬಿಟ್ಟು ಮುಂದೆ ಯೂರಿಯಾ ಒಂದನ್ನೇ ಎರಚಿದರಾಯಿತೆಂದು ಸಮಾಧಾನ ಮಾಡಿಕೊಳ್ಳುತ್ತಾರೆ.

ಈ ಮೂರೂ ನಷ್ಟದ ದಾರಿಗಳೇ. ಕಾಯುತ್ತ ಕುಳಿತರೆ ಭೂಮಿಯ ಹದ ಹೋಗುತ್ತದೆ, ಸಸಿಗಳ ವಯಸ್ಸು ಮೀರುತ್ತದೆ. ತಡವಾದ ನಾಟಿಯಿಂದ ಆಗುವ ಇಳುವರಿಯ ನಷ್ಟವನ್ನು ಯಾವ ಗೊಬ್ಬರವೂ ತುಂಬಿಕೊಡಲಾರದು. ಡಿ.ಎ.ಪಿ. ಹೊರತು ಬೇಸಾಯವಿಲ್ಲ ಎಂಬ ನಂಬಿಕೆಯೇ ಈ ತೊಂದರೆಗೆ ಬಹುಪಾಲು ಕಾರಣ. ಬೆಳೆಗೆ ಬೇಕಾದುದು ಪೋಷಕಾಂಶ. ಅದು ಯಾವ ಹೆಸರಿನ ಚೀಲದಿಂದ ಬಂದಿತೆಂಬುದನ್ನು ಬೇರು ಕೇಳುವುದಿಲ್ಲ. ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕ ಬಲ್ಲ ಯಾವ ರೈತನೂ, ಅಥವಾ ಶಾಲೆಗೆ ಹೋಗುವ ಆತನ ಮಗಳೂ, ಇರುವ ಗೊಬ್ಬರದಲ್ಲೇ ಬೆಳೆಯ ಅಗತ್ಯವನ್ನು ಪೂರೈಸಬಹುದು. ಆ ಲೆಕ್ಕವನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೊರತೆ ಏಕೆ ಬರುತ್ತದೆ?

ಡಿ.ಎ.ಪಿ.ಯ ದೊಡ್ಡ ಪಾಲು ಹೊರದೇಶಗಳಿಂದ ಬರುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಡಿ.ಎ.ಪಿ.ಗೂ ಬೇಕಾದ ರಂಜಕದ ಶಿಲೆ ಹಾಗೂ ರಂಜಕಾಮ್ಲಗಳನ್ನು ಹೆಚ್ಚಾಗಿ ಆಮದು ಮಾಡಿಕೊಳ್ಳಲಾಗುತ್ತದೆ. ಆದ್ದರಿಂದ ಹೊರಗಡೆ ಬೆಲೆ ಏರಿದರೂ, ಹಡಗು ತಡವಾದರೂ ಅದರ ಬಿಸಿ ನಮ್ಮ ಹಳ್ಳಿಯ ಗೋದಾಮಿಗೆ ತಟ್ಟುತ್ತದೆ. ಎಲ್ಲ ರೈತರೂ ಒಂದೇ ವಾರದಲ್ಲಿ ಒಂದೇ ಗೊಬ್ಬರವನ್ನು ಕೇಳುವುದರಿಂದ ಕೊರತೆ ಇಮ್ಮಡಿಯಾಗಿ ಕಾಣುತ್ತದೆ. ಅದೇ ಹೊತ್ತಿಗೆ ಅದೇ ಗೋದಾಮಿನ ಮೂಲೆಯಲ್ಲಿ ಸೂಪರ್ ಫಾಸ್ಫೇಟಿನ ಅಥವಾ ಸಂಯುಕ್ತ ಗೊಬ್ಬರದ ಚೀಲಗಳು ಕೇಳುವವರಿಲ್ಲದೆ ಬಿದ್ದಿರುವುದೂ ಉಂಟು.

ಚೀಲದ ಮೇಲಿನ ಅಂಕೆಗಳು

ಪ್ರತಿಯೊಂದು ಗೊಬ್ಬರದ ಚೀಲದ ಮೇಲೂ ಕೆಲವು ಅಂಕೆಗಳು ಅಚ್ಚಾಗಿರುತ್ತವೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ನಾಲ್ಕನೆಯದೊಂದಿದ್ದರೆ ಅದು ಗಂಧಕ. ಇವು 100 ಕಿ.ಗ್ರಾಂ. ಗೊಬ್ಬರದಲ್ಲಿ ಆಯಾ ಪೋಷಕಾಂಶ ಎಷ್ಟು ಕಿ.ಗ್ರಾಂ. ಇದೆ ಎಂಬುದನ್ನು ತಿಳಿಸುತ್ತವೆ. ಸಾಮಾನ್ಯವಾಗಿ ದೊರೆಯುವ ಗೊಬ್ಬರಗಳ ವಿವರ ಹೀಗಿದೆ:

ಯೂರಿಯಾ: ಸಾರಜನಕ ಶೇ. 46.
ಡಿ.ಎ.ಪಿ.: ಸಾರಜನಕ ಶೇ. 18, ರಂಜಕ ಶೇ. 46.
ಸಿಂಗಲ್ ಸೂಪರ್ ಫಾಸ್ಫೇಟ್: ರಂಜಕ ಶೇ. 16, ಜೊತೆಗೆ ಗಂಧಕ ಸುಮಾರು ಶೇ. 11 ಮತ್ತು ಸುಣ್ಣದ ಅಂಶ.
ಮ್ಯೂರಿಯೇಟ್ ಆಫ್ ಪೊಟ್ಯಾಷ್: ಪೊಟ್ಯಾಷ್ ಶೇ. 60.
ಸಂಯುಕ್ತ ಗೊಬ್ಬರಗಳು: 10:26:26, 17:17:17, 20:20:0:13 ಮುಂತಾದುವು.

ಚೀಲದ ತೂಕವನ್ನೂ ಗಮನಿಸಬೇಕು. ಯೂರಿಯಾ ಚೀಲ ಹಿಂದೆ 50 ಕಿ.ಗ್ರಾಂ. ಇದ್ದು, 2018ರಿಂದ 45 ಕಿ.ಗ್ರಾಂ. ಆಗಿದೆ. ‘ಎಕರೆಗೆ ಎರಡು ಚೀಲ’ ಎಂದು ಹಿರಿಯರ ಕಾಲದಿಂದ ಹಾಕುತ್ತ ಬಂದವರು ಈಗ ತಮಗೆ ತಿಳಿಯದೆಯೇ 10 ಕಿ.ಗ್ರಾಂ. ಕಡಿಮೆ ಹಾಕುತ್ತಿದ್ದಾರೆ. ಆದ್ದರಿಂದ ಚೀಲದ ಲೆಕ್ಕವನ್ನು ಬಿಟ್ಟು ಕಿಲೋ ಲೆಕ್ಕವನ್ನು ರೂಢಿಸಿಕೊಳ್ಳುವುದು ಲೇಸು.

ಎರಡೇ ಸೂತ್ರಗಳು

ಮೊದಲನೆಯ ಸೂತ್ರ: ಬೇಕಾದ ಪೋಷಕಾಂಶವನ್ನು 100ರಿಂದ ಗುಣಿಸಿ, ಗೊಬ್ಬರದಲ್ಲಿರುವ ಶೇಕಡಾ ಪ್ರಮಾಣದಿಂದ ಭಾಗಿಸಿದರೆ ಎಷ್ಟು ಕಿ.ಗ್ರಾಂ. ಗೊಬ್ಬರ ಬೇಕೆಂಬುದು ಬರುತ್ತದೆ.

ಎರಡನೆಯ ಸೂತ್ರ: ಹಾಕುವ ಗೊಬ್ಬರದ ತೂಕವನ್ನು ಅದರ ಶೇಕಡಾ ಪ್ರಮಾಣದಿಂದ ಗುಣಿಸಿ 100ರಿಂದ ಭಾಗಿಸಿದರೆ ಅದರಿಂದ ಎಷ್ಟು ಪೋಷಕಾಂಶ ದೊರೆಯಿತೆಂಬುದು ತಿಳಿಯುತ್ತದೆ.

ಲೆಕ್ಕವನ್ನು ಯಾವಾಗಲೂ ರಂಜಕದಿಂದ ಆರಂಭಿಸಬೇಕು. ರಂಜಕ ಕೊಡುವ ಗೊಬ್ಬರದ ಜೊತೆಯಲ್ಲಿ ಸಾರಜನಕವೋ ಪೊಟ್ಯಾಷೋ ಬಂದಿದ್ದರೆ ಅದನ್ನು ಒಟ್ಟು ಅಗತ್ಯದಿಂದ ಕಳೆಯಬೇಕು. ಉಳಿದ ಸಾರಜನಕಕ್ಕೆ ಯೂರಿಯಾವನ್ನೂ, ಉಳಿದ ಪೊಟ್ಯಾಷಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಷನ್ನೂ ಲೆಕ್ಕ ಹಾಕಬೇಕು.

ಒಂದು ಎಕರೆ ರಾಗಿಗೆ ಐದು ದಾರಿಗಳು

ನೀರಾವರಿಯಲ್ಲಿ ನಾಟಿ ಮಾಡುವ ರಾಗಿಗೆ ಹೆಕ್ಟೇರಿಗೆ 100 ಕಿ.ಗ್ರಾಂ. ಸಾರಜನಕ, 50 ಕಿ.ಗ್ರಾಂ. ರಂಜಕ, 50 ಕಿ.ಗ್ರಾಂ. ಪೊಟ್ಯಾಷ್ ಶಿಫಾರಸು ಮಾಡಲಾಗಿದೆ. ಒಂದು ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಆದ್ದರಿಂದ ಎಕರೆಗೆ 40 ಕಿ.ಗ್ರಾಂ. ಸಾರಜನಕ, 20 ಕಿ.ಗ್ರಾಂ. ರಂಜಕ, 20 ಕಿ.ಗ್ರಾಂ. ಪೊಟ್ಯಾಷ್ ಬೇಕು. ರಂಜಕ ಮತ್ತು ಪೊಟ್ಯಾಷನ್ನು ಪೂರ್ತಿಯಾಗಿ ನಾಟಿಯ ಸಮಯದಲ್ಲಿ ಕೊಡಬೇಕು. ಸಾರಜನಕದಲ್ಲಿ ಅರ್ಧವನ್ನು ನಾಟಿಯ ಸಮಯದಲ್ಲಿ, ಉಳಿದರ್ಧವನ್ನು ನಾಟಿಯಾದ ಸುಮಾರು 30 ದಿನಗಳಿಗೆ ಮೇಲುಗೊಬ್ಬರವಾಗಿ ಕೊಡಬೇಕು.

ಒಂದನೆಯ ದಾರಿ, ಡಿ.ಎ.ಪಿ. ದೊರೆತಾಗ: 20 ಕಿ.ಗ್ರಾಂ. ರಂಜಕಕ್ಕೆ 43.5 ಕಿ.ಗ್ರಾಂ. ಡಿ.ಎ.ಪಿ. ಬೇಕು. ಇದರಿಂದ 7.8 ಕಿ.ಗ್ರಾಂ. ಸಾರಜನಕವೂ ದೊರೆಯುತ್ತದೆ. ಮೊದಲ ಕಂತಿನ ಸಾರಜನಕ 20 ಕಿ.ಗ್ರಾಂ. ಆಗಲು ಇನ್ನೂ 12.2 ಕಿ.ಗ್ರಾಂ. ಬೇಕು, ಅದಕ್ಕೆ 26.5 ಕಿ.ಗ್ರಾಂ. ಯೂರಿಯಾ. ಪೊಟ್ಯಾಷಿಗಾಗಿ 33 ಕಿ.ಗ್ರಾಂ. ಮ್ಯೂರಿಯೇಟ್ ಆಫ್ ಪೊಟ್ಯಾಷ್.

ಎರಡನೆಯ ದಾರಿ, ಸೂಪರ್ ಫಾಸ್ಫೇಟ್ ದೊರೆತಾಗ: ಸೂಪರ್ ಫಾಸ್ಫೇಟ್ 125 ಕಿ.ಗ್ರಾಂ., ಎಂದರೆ ಎರಡೂವರೆ ಚೀಲ. ಇದರಲ್ಲಿ ಸಾರಜನಕವಿಲ್ಲದಿರುವುದರಿಂದ ಮೊದಲ ಕಂತಿಗೆ 43.5 ಕಿ.ಗ್ರಾಂ. ಯೂರಿಯಾ ಬೇಕು. ಮ್ಯೂರಿಯೇಟ್ ಆಫ್ ಪೊಟ್ಯಾಷ್ 33 ಕಿ.ಗ್ರಾಂ. ಇದರ ಜೊತೆಯಲ್ಲಿ ಸುಮಾರು 14 ಕಿ.ಗ್ರಾಂ. ಗಂಧಕವೂ ಭೂಮಿಗೆ ಸೇರುತ್ತದೆ.

ಮೂರನೆಯ ದಾರಿ, 10:26:26 ದೊರೆತಾಗ: ಈ ಗೊಬ್ಬರ 77 ಕಿ.ಗ್ರಾಂ. ಹಾಕಿದರೆ ರಂಜಕ ಮತ್ತು ಪೊಟ್ಯಾಷ್ ಎರಡೂ ತಲಾ 20 ಕಿ.ಗ್ರಾಂ. ಪೂರೈಕೆಯಾಗುತ್ತವೆ; ಸಾರಜನಕ 7.7 ಕಿ.ಗ್ರಾಂ. ದೊರೆಯುತ್ತದೆ. ಮೊದಲ ಕಂತಿಗೆ ಇನ್ನು ಸುಮಾರು 27 ಕಿ.ಗ್ರಾಂ. ಯೂರಿಯಾ ಸಾಕು. ಬೇರೆ ಪೊಟ್ಯಾಷ್ ಬೇಡ.

ನಾಲ್ಕನೆಯ ದಾರಿ, 17:17:17 ದೊರೆತಾಗ: 118 ಕಿ.ಗ್ರಾಂ. ಹಾಕಿದರೆ ಮೂರೂ ಪೋಷಕಾಂಶಗಳು ತಲಾ 20 ಕಿ.ಗ್ರಾಂ. ದೊರೆಯುತ್ತವೆ. ನಾಟಿಯ ಸಮಯದಲ್ಲಿ ಬೇರೆ ಯಾವ ಗೊಬ್ಬರವೂ ಬೇಕಿಲ್ಲ.

ಐದನೆಯ ದಾರಿ, 20:20:0:13 ದೊರೆತಾಗ: 100 ಕಿ.ಗ್ರಾಂ., ಎಂದರೆ ಸರಿಯಾಗಿ ಎರಡು ಚೀಲ. ಇದರಿಂದ ಸಾರಜನಕ 20, ರಂಜಕ 20, ಗಂಧಕ 13 ಕಿ.ಗ್ರಾಂ. ದೊರೆಯುತ್ತವೆ. ಇದರಲ್ಲಿ ಪೊಟ್ಯಾಷ್ ಇಲ್ಲವೆಂಬುದನ್ನು ಮರೆಯದೆ 33 ಕಿ.ಗ್ರಾಂ. ಮ್ಯೂರಿಯೇಟ್ ಆಫ್ ಪೊಟ್ಯಾಷನ್ನು ಸೇರಿಸಬೇಕು.

ಈ ಐದರಲ್ಲಿ ಯಾವ ದಾರಿ ಹಿಡಿದರೂ ಮೇಲುಗೊಬ್ಬರ ಮಾತ್ರ ಒಂದೇ: 43.5 ಕಿ.ಗ್ರಾಂ. ಯೂರಿಯಾ. ಇದು ಈಗಿನ 45 ಕಿ.ಗ್ರಾಂ. ಚೀಲಕ್ಕಿಂತ ಒಂದೂವರೆ ಕಿಲೋ ಮಾತ್ರ ಕಡಿಮೆ. ಎಕರೆಗೆ ಒಂದು ಚೀಲವೆಂದು ಹಿಡಿದರೂ ಅಡ್ಡಿಯಿಲ್ಲ.

ಒಂದು ಎಕರೆಗಿಂತ ಕಡಿಮೆ ಜಮೀನಿದ್ದರೆ ಮೇಲಿನ ಪ್ರಮಾಣವನ್ನು 40ರಿಂದ ಭಾಗಿಸಿ ಗುಂಟೆಯ ಲೆಕ್ಕಕ್ಕೆ ತರಬೇಕು. ಉದಾಹರಣೆಗೆ, 12 ಗುಂಟೆ ರಾಗಿಗೆ ಸೂಪರ್ ಫಾಸ್ಫೇಟ್ 37.5 ಕಿ.ಗ್ರಾಂ., ಮೇಲುಗೊಬ್ಬರದ ಯೂರಿಯಾ 13 ಕಿ.ಗ್ರಾಂ. ಸಾಕು.

ಬೇರೆ ಬೆಳೆಗಳಿಗೆ ಶಿಫಾರಸಿನ ಅಂಕೆ ಬೇರೆ, ಆದರೆ ಲೆಕ್ಕದ ಕ್ರಮ ಇದೇ. ಮಳೆಯಾಶ್ರಯದ ಕಡಲೆಕಾಯಿಗೆ ಎಕರೆಗೆ 10 ಕಿ.ಗ್ರಾಂ. ಸಾರಜನಕ, 20 ಕಿ.ಗ್ರಾಂ. ರಂಜಕ, 10 ಕಿ.ಗ್ರಾಂ. ಪೊಟ್ಯಾಷ್ ಬೇಕು. ಇಲ್ಲಿ 125 ಕಿ.ಗ್ರಾಂ. ಸೂಪರ್ ಫಾಸ್ಫೇಟ್, 22 ಕಿ.ಗ್ರಾಂ. ಯೂರಿಯಾ, 17 ಕಿ.ಗ್ರಾಂ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕುವುದೇ ಉತ್ತಮ. ಕಾಯಿ ತುಂಬಲು ಸುಣ್ಣದ ಅಂಶವೂ, ಎಣ್ಣೆಗೆ ಗಂಧಕವೂ ಬೇಕಾಗಿರುವುದರಿಂದ ಈ ಬೆಳೆಯಲ್ಲಿ ಸೂಪರ್ ಫಾಸ್ಫೇಟ್ ಡಿ.ಎ.ಪಿ.ಗಿಂತ ಒಂದು ಕೈ ಮೇಲು.

ಯಾವುದು ಅಗ್ಗ?

ಚೀಲದ ಬೆಲೆಯನ್ನು ನೋಡಿ ಅಗ್ಗ ದುಬಾರಿಗಳನ್ನು ನಿರ್ಧರಿಸಬಾರದು. ಒಂದು ಕಿಲೋ ಪೋಷಕಾಂಶಕ್ಕೆ ಎಷ್ಟು ಬೀಳುತ್ತದೆ ಎಂಬುದೇ ನಿಜವಾದ ಬೆಲೆ. 2024ರಲ್ಲಿ ಯೂರಿಯಾದ 45 ಕಿಲೋ ಚೀಲಕ್ಕೆ 266.50 ರೂಪಾಯಿ, ಡಿ.ಎ.ಪಿ.ಯ 50 ಕಿಲೋ ಚೀಲಕ್ಕೆ 1,350 ರೂಪಾಯಿ ಇತ್ತು. ಈ ದರದಲ್ಲಿ ಲೆಕ್ಕ ಹಾಕಿ ನೋಡಬಹುದು. ಯೂರಿಯಾ ಚೀಲದಲ್ಲಿರುವ ಸಾರಜನಕ 20.7 ಕಿ.ಗ್ರಾಂ.; ಆದ್ದರಿಂದ ಒಂದು ಕಿಲೋ ಸಾರಜನಕಕ್ಕೆ ಸುಮಾರು 12 ರೂಪಾಯಿ 90 ಪೈಸೆ. ಡಿ.ಎ.ಪಿ. ಚೀಲದಲ್ಲಿರುವ 9 ಕಿ.ಗ್ರಾಂ. ಸಾರಜನಕಕ್ಕೆ ಇದೇ ದರದಲ್ಲಿ 116 ರೂಪಾಯಿ ಕಳೆದರೆ ಉಳಿಯುವ 1,234 ರೂಪಾಯಿ 23 ಕಿ.ಗ್ರಾಂ. ರಂಜಕದ ಬೆಲೆ. ಎಂದರೆ ಕಿಲೋ ರಂಜಕಕ್ಕೆ ಸುಮಾರು 53 ರೂಪಾಯಿ 65 ಪೈಸೆ.

ಸೂಪರ್ ಫಾಸ್ಫೇಟಿನ 50 ಕಿಲೋ ಚೀಲದಲ್ಲಿ 8 ಕಿ.ಗ್ರಾಂ. ರಂಜಕವಿದೆ. ಆದುದರಿಂದ ಮೇಲಿನ ದರದಲ್ಲಿ ಚೀಲಕ್ಕೆ ಸುಮಾರು 430 ರೂಪಾಯಿಗಿಂತ ಕಡಿಮೆಗೆ ಸಿಕ್ಕರೆ ಸೂಪರ್ ಫಾಸ್ಫೇಟ್ ಅಗ್ಗ. ಅದಕ್ಕಿಂತ ಹೆಚ್ಚು ಕೊಡಬೇಕಾದರೆ, ಹೆಚ್ಚಿನ ಹಣ ಅದರೊಡನೆ ಬರುವ 5.5 ಕಿ.ಗ್ರಾಂ. ಗಂಧಕಕ್ಕೆ ಕೊಟ್ಟಂತಾಯಿತು. ಕಡಲೆಕಾಯಿ, ಸೂರ್ಯಕಾಂತಿ, ದ್ವಿದಳ ಧಾನ್ಯಗಳಿಗೆ ಆ ಹಣ ದಂಡವಲ್ಲ. ಆದರೆ 43 ಕಿಲೋ ಬದಲು 125 ಕಿಲೋ ಸಾಗಿಸುವ ಬಾಡಿಗೆ, ಹೊರುವ ಕೂಲಿ ಇವನ್ನೂ ಲೆಕ್ಕಕ್ಕೆ ಸೇರಿಸಬೇಕು. ದರಗಳು ಬದಲಾಗುತ್ತಿರುತ್ತವೆ, ಕೊಳ್ಳುವ ದಿನದ ದರ ಹಾಕಿಕೊಂಡು ಇದೇ ಲೆಕ್ಕವನ್ನು ಮಾಡಿಕೊಳ್ಳಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಚೀಲಕ್ಕೆ ಚೀಲ ಬದಲಿಸುವುದು. ಒಂದು ಚೀಲ ಡಿ.ಎ.ಪಿ. ಸಿಗದಿದ್ದರೆ ಒಂದು ಚೀಲ 17:17:17 ಹಾಕಿದರಾಯಿತೆಂದು ತಿಳಿಯುವವರಿದ್ದಾರೆ. ಡಿ.ಎ.ಪಿ. ಚೀಲದಲ್ಲಿ 23 ಕಿ.ಗ್ರಾಂ. ರಂಜಕವಿದ್ದರೆ 17:17:17ರ ಚೀಲದಲ್ಲಿರುವುದು ಎಂಟೂವರೆ ಕಿ.ಗ್ರಾಂ. ಮಾತ್ರ.

2. ರಂಜಕದ ಬದಲಿಗೆ ಯೂರಿಯಾ ಹೆಚ್ಚಿಸುವುದು. ಯೂರಿಯಾ ಹಾಕಿದೊಡನೆ ಪೈರು ಕಪ್ಪು ಹಸಿರಾಗಿ ಕಾಣುವುದರಿಂದ ಕೆಲಸವಾಯಿತೆಂಬ ಭ್ರಮೆ ಹುಟ್ಟುತ್ತದೆ. ಆದರೆ ಬೇರು ಇಳಿಯುವುದಿಲ್ಲ, ಪೈರು ಮೆದುವಾಗಿ ಗಾಳಿ ಮಳೆಗೆ ಮಲಗುತ್ತದೆ, ರಾಗಿ ಮತ್ತು ಬತ್ತದಲ್ಲಿ ಬೆಂಕಿ ರೋಗದ ಹಾವಳಿ ಹೆಚ್ಚುತ್ತದೆ.

3. ರಂಜಕವನ್ನು ತಡವಾಗಿ ಮೇಲೆ ಎರಚುವುದು. ರಂಜಕ ಬಿದ್ದ ಜಾಗದಿಂದ ಹೆಚ್ಚು ಚಲಿಸುವುದಿಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶವೂ, ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶವೂ ಅದನ್ನು ಹಿಡಿದಿಡುತ್ತವೆ. ಆದ್ದರಿಂದ ಬಿತ್ತುವಾಗ ಅಥವಾ ನಾಟಿ ಮಾಡುವಾಗಲೇ ಸಾಲಿನಲ್ಲಿ, ಬೇರಿಗೆ ಎಟಕುವಂತೆ ಹಾಕಿ ಮಣ್ಣು ಮುಚ್ಚಬೇಕು. ಆದರೆ ಬೀಜಕ್ಕೆ ಗೊಬ್ಬರ ತಾಗಬಾರದು. ಯೂರಿಯಾ ಅಥವಾ ಡಿ.ಎ.ಪಿ. ಬೀಜಕ್ಕೆ ತಾಗಿದರೆ ಮೊಳಕೆ ಸುಟ್ಟುಹೋಗುವ ಸಂಭವವುಂಟು.

4. ಮೊದಲೇ ಬೆರೆಸಿಡುವುದು. ಯೂರಿಯಾ ಮತ್ತು ಸೂಪರ್ ಫಾಸ್ಫೇಟ್ ಬೆರೆಸಿ ಇಟ್ಟರೆ ನೀರೊಡೆದು ಮುದ್ದೆಯಾಗುತ್ತದೆ. ಹೊಲದಲ್ಲಿ ಹಾಕುವ ವೇಳೆಗೆ ಬೆರೆಸಿ ಕೂಡಲೇ ಮುಗಿಸಬೇಕು. ಸತುವಿನ ಸಲ್ಫೇಟನ್ನು ರಂಜಕದ ಗೊಬ್ಬರಗಳ ಜೊತೆ ಬೆರೆಸದೆ ಬೇರೆಯಾಗಿ ಹಾಕಬೇಕು.

5. ಬಾಟಲಿಯನ್ನು ಚೀಲಕ್ಕೆ ಸಮವೆಂದು ತಿಳಿಯುವುದು. ದ್ರವರೂಪದ ಗೊಬ್ಬರದ ಬಾಟಲಿಯ ಮೇಲೂ ಅಂಕೆಗಳಿರುತ್ತವೆ. ಶೇ. 16 ರಂಜಕವೆಂದು ಬರೆದಿರುವ ಅರ್ಧ ಲೀಟರ್ ಬಾಟಲಿಯಲ್ಲಿರುವುದು ಸುಮಾರು 80 ಗ್ರಾಂ ರಂಜಕ. ಎಕರೆ ರಾಗಿಗೆ ಬೇಕಾದುದು 20 ಕಿ.ಗ್ರಾಂ. ಎಲೆಗೆ ಸಿಂಪಡಿಸುವುದು ಪೂರಕವೇ ಹೊರತು ಭೂಮಿಗೆ ಹಾಕುವ ಮೂಲಗೊಬ್ಬರಕ್ಕೆ ಬದಲಿಯಾಗಲಾರದು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಐದೂ ದಾರಿಗಳ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟುಕೊಳ್ಳಬೇಕು. ಆಗ ‘ಡಿ.ಎ.ಪಿ. ಇದೆಯೇ?’ ಎಂದು ಕೇಳುವ ಬದಲು ‘ಯಾವ ಯಾವ ಗೊಬ್ಬರವಿದೆ?’ ಎಂದು ಕೇಳುವ ಧೈರ್ಯ ಬರುತ್ತದೆ.

ಚೀಲದ ಹೊಲಿಗೆ ಬಿಚ್ಚಿಲ್ಲವೆಂಬುದನ್ನೂ, ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆ, ತೂಕ ಮತ್ತು ಅಂಕೆಗಳನ್ನೂ ನೋಡಿಕೊಳ್ಳಬೇಕು. 2018ರಿಂದ ದೇಶದಾದ್ಯಂತ ಸಹಾಯಧನದ ಗೊಬ್ಬರವನ್ನು ಅಂಗಡಿಯ ಯಂತ್ರದ ಮೂಲಕ ಆಧಾರ್ ಸಂಖ್ಯೆ ಪಡೆದು ಮಾರುವ ವ್ಯವಸ್ಥೆ ಜಾರಿಗೆ ಬಂದಿದೆ. ಯಂತ್ರದಿಂದ ಬರುವ ರಸೀದಿಯನ್ನು ತಪ್ಪದೆ ಪಡೆದು, ಅದರಲ್ಲಿರುವ ಚೀಲಗಳ ಸಂಖ್ಯೆ ಮತ್ತು ಹಣ ಸರಿಯಾಗಿವೆಯೇ ಎಂದು ಅಲ್ಲಿಯೇ ನೋಡಬೇಕು. ಅಚ್ಚಾದ ಬೆಲೆಗಿಂತ ಹೆಚ್ಚು ಕೇಳಿದರೆ, ಇಲ್ಲವೆ ಬೇಡದ ವಸ್ತುವನ್ನು ಕೊಂಡರೆ ಮಾತ್ರ ಗೊಬ್ಬರ ಕೊಡುವುದಾಗಿ ಹೇಳಿದರೆ ರಸೀದಿಯೊಡನೆ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು.

ಮನೆಯಲ್ಲಿ ವಹಿಸಬೇಕಾದ ಎಚ್ಚರ

ಮೇಲುಗೊಬ್ಬರ ಹಾಕುವ ಕೆಲಸವನ್ನು ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳೇ ಮಾಡುತ್ತಾರೆ. ಅವರಿಗೆ ‘ಸುಮಾರಾಗಿ ಎರಚು’ ಎಂದು ಹೇಳಿದರೆ ಸಾಲದು. ಒಂದು ಹಳೆಯ ಡಬ್ಬಿಯನ್ನು ಇದಕ್ಕೆಂದೇ ಮೀಸಲಿಟ್ಟು, ಅದರಲ್ಲಿ ಒಂದು ಕಿಲೋ ಯೂರಿಯಾ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ ಗುರುತು ಮಾಡಬೇಕು. ಗುಂಟೆಗೆ ಒಂದು ಡಬ್ಬಿಗಿಂತ ತುಸು ಹೆಚ್ಚು ಎಂದರೆ ಯಾರು ಹಾಕಿದರೂ ಅಳತೆ ತಪ್ಪುವುದಿಲ್ಲ. ಇತರ ಗೊಬ್ಬರಗಳಿಗೆ ಬೇರೆ ಗುರುತು ಮಾಡಿಕೊಳ್ಳಬೇಕು, ಏಕೆಂದರೆ ಒಂದೇ ಡಬ್ಬಿ ತುಂಬಿದರೂ ಎಲ್ಲದರ ತೂಕ ಒಂದೇ ಆಗಿರುವುದಿಲ್ಲ.

ಗೊಬ್ಬರದ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರವಿಟ್ಟು ಜೋಡಿಸಬೇಕು. ದನದ ಕೊಟ್ಟಿಗೆಯಲ್ಲಿ ಮಾತ್ರ ಎಂದಿಗೂ ಇಡಬಾರದು. ಯೂರಿಯಾ ಉಪ್ಪಿನಂತೆ ಕಾಣುವುದರಿಂದ ದನಕರುಗಳು ನೆಕ್ಕುತ್ತವೆ. ಹೆಚ್ಚು ತಿಂದರೆ ಕೆಲವೇ ಹೊತ್ತಿನಲ್ಲಿ ಹೊಟ್ಟೆಯುಬ್ಬರಿಸಿ ಸಾಯುವ ಅಪಾಯವಿದೆ. ಗೊಬ್ಬರ ಕಲಸಿದ ಬಕೀಟಿನಲ್ಲಿ ನೀರು ಕುಡಿಸುವುದು, ಖಾಲಿ ಚೀಲವನ್ನು ತೊಳೆಯದೆ ಬೂಸಾ ತುಂಬಲು ಬಳಸುವುದು ಇವೂ ಅಷ್ಟೇ ಅಪಾಯಕರ. ದನ ಯೂರಿಯಾ ತಿಂದಿರುವ ಅನುಮಾನ ಬಂದೊಡನೆ ಪಶುವೈದ್ಯರನ್ನು ಕರೆಯಬೇಕು.

ಮಣ್ಣು ಪರೀಕ್ಷೆ ಇದ್ದರೆ ಉಳಿತಾಯ

ಮೇಲೆ ಹೇಳಿದ ಪ್ರಮಾಣಗಳು ಸಾಮಾನ್ಯ ಭೂಮಿಗೆ ಅನ್ವಯಿಸುತ್ತವೆ. ವರ್ಷ ವರ್ಷವೂ ಡಿ.ಎ.ಪಿ. ಹಾಕುತ್ತ ಬಂದ ಹೊಲಗಳಲ್ಲಿ ರಂಜಕ ಸಾಕಷ್ಟು ಶೇಖರವಾಗಿರಬಹುದು. ಅಂಥಲ್ಲಿ ಶಿಫಾರಸಿನ ರಂಜಕವನ್ನು ಇಳಿಸಲು ಸಾಧ್ಯ. ಇದನ್ನು ಮಣ್ಣು ಪರೀಕ್ಷೆಯಿಂದ ಮಾತ್ರ ತಿಳಿಯಬಹುದು. ಹೊಲದ ಎಂಟು ಹತ್ತು ಕಡೆ ಮೇಲಿನ ಕಸಕಡ್ಡಿ ಸರಿಸಿ, ಆರು ಅಂಗುಲ ಆಳದವರೆಗೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಗುಣಿ ತೆಗೆದು, ಅದರ ಅಂಚಿನಿಂದ ಮಣ್ಣನ್ನು ಸಂಗ್ರಹಿಸಬೇಕು. ಎಲ್ಲವನ್ನೂ ಬೆರೆಸಿ ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋದಷ್ಟನ್ನು ಪರೀಕ್ಷೆಗೆ ಕೊಡಬೇಕು. ಗೊಬ್ಬರ ಹಾಕಿದ ಹೊಸತರಲ್ಲಿ, ತಿಪ್ಪೆಯ ಬಳಿ, ಬದುವಿನ ಬಳಿ ಮಣ್ಣು ತೆಗೆಯಬಾರದು. ಸುಗ್ಗಿ ಮುಗಿದ ಬೇಸಿಗೆಯೇ ಇದಕ್ಕೆ ತಕ್ಕ ಕಾಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಚೀಟಿ ಪಡೆದಿರುವ ರೈತರು ಅದನ್ನು ಪೆಟ್ಟಿಗೆಯಲ್ಲಿಡದೆ ಮೇಲಿನ ಲೆಕ್ಕಕ್ಕೆ ಬಳಸಿಕೊಳ್ಳಬೇಕು. ಕೊಟ್ಟಿಗೆ ಗೊಬ್ಬರವನ್ನು ಬಿಡದೆ ಹಾಕುತ್ತಿದ್ದರೆ ರಾಸಾಯನಿಕ ಗೊಬ್ಬರದ ಫಲವೂ ಪೂರ್ತಿಯಾಗಿ ದೊರೆಯುತ್ತದೆ.

ಒಂದು ಅಭ್ಯಾಸ

ಈ ಲೇಖನ ಓದಿದ ರೈತರು ಮನೆಯ ಮಕ್ಕಳ ಕೈಯಲ್ಲಿ ಒಂದು ಲೆಕ್ಕ ಮಾಡಿಸಬಹುದು. ನೀರಾವರಿ ಮುಸುಕಿನ ಜೋಳಕ್ಕೆ ಎಕರೆಗೆ 60 ಕಿ.ಗ್ರಾಂ. ಸಾರಜನಕ, 30 ಕಿ.ಗ್ರಾಂ. ರಂಜಕ, 16 ಕಿ.ಗ್ರಾಂ. ಪೊಟ್ಯಾಷ್ ಬೇಕು. ಅಂಗಡಿಯಲ್ಲಿರುವುದು 20:20:0:13, ಯೂರಿಯಾ ಮತ್ತು ಮ್ಯೂರಿಯೇಟ್ ಆಫ್ ಪೊಟ್ಯಾಷ್. ಯಾವುದು ಎಷ್ಟು ಬೇಕು? ಉತ್ತರ: 20:20:0:13 ಮೂರು ಚೀಲ, ಯೂರಿಯಾ ಸುಮಾರು 65 ಕಿ.ಗ್ರಾಂ., ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 27 ಕಿ.ಗ್ರಾಂ. ಈ ಉತ್ತರ ಸರಿಯಾಗಿ ಬಂದ ಮನೆಯವರು ಮುಂದಿನ ಮುಂಗಾರಿನಲ್ಲಿ ಒಂದೇ ಗೊಬ್ಬರಕ್ಕಾಗಿ ಸಾಲಿನಲ್ಲಿ ನಿಂತು ಭೂಮಿಯ ಹದವನ್ನು ಕಳೆದುಕೊಳ್ಳಬೇಕಾಗಿಲ್ಲ.